ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ? ಬ್ರೇಕ್ ಕಥೆ ಏನು?

ಕುಂತೂರಿನಿಂದ ಕೊಳ್ಳೇಗಾಲ, ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಕಾರಿನಲ್ಲಿ ಹೋಗಿಬರುವವರನ್ನು ಕೇಳಿ ನೋಡಿ. ‘ಇಳಿಯುವಾಗ ನ್ಯೂಟ್ರಲ್ ಹಾಕಿಬಿಡಿ, ತಾಳಬೆಟ್ಟದ ತನಕ ಪೆಟ್ರೋಲೇ ಬೇಡ’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಮೈಲೇಜ್ ಹೆಚ್ಚಿಸುವ ಉಪಾಯ ಅಂತ ವಾಟ್ಸಾಪ್‌ನಲ್ಲೂ ಇದು ಓಡಾಡುತ್ತದೆ. ಇದು ನಿಜವೇ?

ಹಳೇ ಕಾರ್ಬುರೇಟರ್ ಕಾರುಗಳ ಕಾಲದಲ್ಲಿ ಸ್ವಲ್ಪ ನಿಜವಿತ್ತು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಆಗ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಪೆಟ್ರೋಲ್ ಸುಡುತ್ತಲೇ ಇರಬೇಕು.

ಪೆಟ್ರೋಲ್ ಮಾತು ಹಾಗಿರಲಿ, ಜೀವಕ್ಕೆ ಕುತ್ತು ತರುವುದು ಬ್ರೇಕಿನ ವಿಷಯ. ಬ್ರೇಕ್ ಮಾಡುವ ಕೆಲಸ ಒಂದೇ: ಕಾರಿನ ಚಲನೆಯನ್ನು ಬಿಸಿಯಾಗಿ ಬದಲಾಯಿಸುವುದು. ಜನ ಸೇರಿ 1,200 ಕೆಜಿ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 1.67 ಲಕ್ಷ ಜೂಲ್. ಅದೇ ಕಾರು ಬರೀ 100 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವುದು ಸುಮಾರು 11.8 ಲಕ್ಷ ಜೂಲ್. ಅಂದರೆ 60ರ ವೇಗದಿಂದ ಏಳು ಸಲ ಪೂರ್ತಿ ನಿಲ್ಲಿಸಿದಷ್ಟು! ಗಾಳಿ ಮತ್ತು ಟೈರು ಅದರಲ್ಲಿ ಸ್ವಲ್ಪ ಹಂಚಿಕೊಳ್ಳುತ್ತವೆ. ವೇಗ ಏರದಂತೆ ಇಳಿಯಬೇಕಾದರೆ ಉಳಿದದ್ದನ್ನು ಯಾರಾದರೂ ಹೊರಬೇಕಲ್ಲ? ಗೇರಿನಲ್ಲಿದ್ದರೆ ಎಂಜಿನ್ ಒಂದು ಪಾಲು ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಎಲ್ಲವೂ ಬ್ರೇಕಿನ ತಲೆಗೇ.

ಬಿಸಿ ಅತಿಯಾದಾಗ ಪ್ಯಾಡ್‌ಗಳ ಹಿಡಿತ ಸಡಿಲವಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್ ಕುದಿಯುವುದು. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆದರೆ ಕುದಿದು ಎದ್ದ ಆವಿಯ ಗುಳ್ಳೆಗಳು ಕುಗ್ಗುತ್ತವೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಆದರೂ ಎಂಜಿನ್ ಆಯಿಲ್ ಬದಲಿಸುವ ನಾವು ಇದನ್ನು ಮರೆತೇಬಿಡುತ್ತೇವೆ.

ಇನ್ನು ಎಂಜಿನ್ನನ್ನೇ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಆಗ ಬ್ರೇಕ್ ಬೂಸ್ಟರ್‌ನ ನೆರವು ಕೆಲವು ಸಲ ಒತ್ತುವಷ್ಟರಲ್ಲೇ ಮುಗಿಯುತ್ತದೆ. ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ. ಕೀ ಪೂರ್ತಿ ತೆಗೆದರಂತೂ ಸ್ಟೀರಿಂಗೇ ಲಾಕ್ ಆಗಬಹುದು, ಅದೂ ಹೇರ್‌ಪಿನ್ ತಿರುವಿನಲ್ಲಿ.

ಹತ್ತುವಾಗ ಬೇಕಾದ ಗೇರನ್ನೇ ಇಳಿಯುವಾಗಲೂ ಹಾಕಿ, ಸಾಮಾನ್ಯವಾಗಿ ಎರಡನೆಯದು. ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ಬ್ರೇಕ್ ಮೇಲೆ ಸದಾ ಕಾಲಿಟ್ಟು ಉಜ್ಜಬೇಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ, ತಾನಾಗಿ ಆರಲು ಬಿಡಿ. ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು.