ಕಿಡಿ ಆರಿದ ಮೋಟಾರು

ಕೆಲವು ವರ್ಷಗಳ ಹಿಂದೆ, ಬೇಸಗೆಯ ಒಂದು ಮಧ್ಯಾಹ್ನ, ನಾವು ಹಳೆಯದೊಂದು ಪೆಟ್ರೋಲ್ ಅಂಬಾಸಡರ್ ಬಂಡಿಯಲ್ಲಿ ರೋಣದಿಂದ ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿಗೆ ಹೊರಟಿದ್ದೆವು. ಅಲ್ಲಿ ಹಿರಿಯರೊಬ್ಬರು ಕಾಯಿಲೆಯಿಂದ ಮಲಗಿದ್ದರು. ಅವರನ್ನು ಸಂಜೆಯೊಳಗಾಗಿ ರೋಣದ ಆಸ್ಪತ್ರೆಗೆ ಕರೆತರಬೇಕಾಗಿತ್ತು. ಎರೆಯ ಹೊಲಗಳ ನಡುವೆ, ನೆರಳಿಗೆ ಒಂದೇ ಒಂದು ಜಾಲಿಯ ಮರವಿದ್ದ ಕಡೆ, ಎಂಜಿನು ದೀಪ ಆರಿದಂತೆ ಥಟ್ಟನೆ ನಿಂತುಬಿಟ್ಟಿತು. ಅರ್ಧ ಗಂಟೆ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಸ್ವಲ್ಪ ದೂರ ಸಾಗಿ ಮತ್ತೆ ನಿಂತಿತು.

ಇದೇ ದೂರಿಗಾಗಿ ಹಿಂದಿನ ತಿಂಗಳಷ್ಟೇ ನಾಲ್ಕು ಪ್ಲಗ್ಗುಗಳನ್ನೂ ಕಂಡೆನ್ಸರನ್ನೂ ಬದಲಾಯಿಸಿ, ಕಾರ್ಬೊರೇಟರನ್ನು ಬಿಚ್ಚಿ ತೊಳೆಸಿದ್ದೆವು. ಹಣ ಹೋಯಿತು, ರೋಗ ಉಳಿಯಿತು. ಪರೀಕ್ಷೆಯೆಲ್ಲ ನಡೆದದ್ದು ಎಂಜಿನು ತಣ್ಣಗಿದ್ದಾಗ, ಎಂದರೆ ರೋಗವಿಲ್ಲದ ಹೊತ್ತಿನಲ್ಲಿ. ಜ್ವರ ಇಳಿದ ಮೇಲೆ ನಾಡಿ ನೋಡಿದರೆ ಯಾವ ವೈದ್ಯನಿಗೆ ತಾನೆ ಏನು ತಿಳಿದೀತು? ಬಂದು ಬಂದು ಹೋಗುವ ದೋಷವನ್ನು ಅದು ಇರುವಾಗಲೇ ಪರೀಕ್ಷಿಸಬೇಕೆಂಬುದೇ ಈ ಭಾಷಣದ ಮುಖ್ಯ ಮಾತು. ಆ ಪರೀಕ್ಷೆಗೆ ದೊಡ್ಡ ಸಲಕರಣೆಗಳೇನೂ ಬೇಡ. ಎರಡು ತಂತಿ ಕಟ್ಟಿದ 12 ವೋಲ್ಟಿನ ಚಿಕ್ಕದೊಂದು ಬಲ್ಬು ಸಾಕು.

ಮೊದಲು ಕಿಡಿಯು ಹುಟ್ಟುವ ಬಗೆಯನ್ನು ತಿಳಿಯೋಣ. ಬ್ಯಾಟರಿಯ 12 ವೋಲ್ಟಿನ ಶಕ್ತಿಯಿಂದ ಪ್ಲಗ್ಗಿನಲ್ಲಿ ಕಿಡಿ ಹಾರಲಾರದು. ಅದಕ್ಕೆ ಹತ್ತಾರು ಸಾವಿರ ವೋಲ್ಟುಗಳ ಒತ್ತಡ ಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ, 1910ರ ವೇಳೆಗೆ ಕ್ಯಾಡಿಲಾಕ್ ಬಂಡಿಗಳಲ್ಲಿ ಬಳಕೆಗೆ ಬಂದ ಏರ್ಪಾಡು ಹೀಗಿದೆ. ಬ್ಯಾಟರಿಯ ಪ್ರವಾಹವು ಕೀಲಿಯ ಸ್ವಿಚ್ಚನ್ನು ದಾಟಿ, ಕಾಯಿಲ್ ಎಂಬ ಡಬ್ಬಿಯೊಳಗಿನ ದಪ್ಪ ತಂತಿಯ ಸುರುಳಿಯಲ್ಲಿ ಹರಿದು, ಡಿಸ್ಟ್ರಿಬ್ಯೂಟರಿನಲ್ಲಿರುವ ಪಾಯಿಂಟುಗಳ ಮೂಲಕ ಬಂಡಿಯ ಲೋಹದ ಮೈಯನ್ನು ಸೇರುತ್ತದೆ. ಪಾಯಿಂಟುಗಳು ತೆರೆದೊಡನೆ ಪ್ರವಾಹವು ಕಡಿಯುತ್ತದೆ. ಸುರುಳಿಯ ಕಾಂತಕ್ಷೇತ್ರವು ಕುಸಿಯುತ್ತದೆ. ಅದೇ ಡಬ್ಬಿಯಲ್ಲಿ ಸಾವಿರಾರು ಸುತ್ತುಗಳುಳ್ಳ ಸಣ್ಣ ತಂತಿಯ ಎರಡನೆಯ ಸುರುಳಿಯಲ್ಲಿ ಭಾರಿ ಒತ್ತಡವು ಹುಟ್ಟುತ್ತದೆ. ತಿರುಗುವ ರೋಟರು ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೂ ಹಂಚುತ್ತದೆ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಹಾರಬೇಕು.

ಬಂಡಿ ನಿಂತಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಅದು ನಿಂತದ್ದು ಹೇಗೆ? ಎಳೆದಾಡಿ, ಕೆಮ್ಮಿ, ಬಲಗುಂದಿ ನಿಂತರೆ ಸಾಮಾನ್ಯವಾಗಿ ಪೆಟ್ರೋಲಿನ ಕೊರತೆ. ಒಮ್ಮೆಗೇ ಆರಿದರೆ ಸಾಮಾನ್ಯವಾಗಿ ಕಿಡಿಯ ದೋಷ. ಇದನ್ನು ಕಣ್ಣಾರೆ ಕಾಣಲು, ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ಕಿತ್ತು, ರಬ್ಬರು ಹಿಡಿಯ ಇಕ್ಕಳದಿಂದ ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಸುಮಾರು 6 ಮಿಲಿಮೀಟರು ದೂರದಲ್ಲಿ ಹಿಡಿದು, ಮತ್ತೊಬ್ಬರಿಂದ ಸ್ಟಾರ್ಟರನ್ನು ತಿರುಗಿಸಬೇಕು. ಪೆಟ್ರೋಲು ಚೆಲ್ಲಿರುವ ಕಡೆ ಇದನ್ನು ಮಾಡಲೇಬಾರದು, ಬರಿಗೈಯಿಂದಂತೂ ಮುಟ್ಟಬಾರದು. ನೀಲಿಯ ಕಿಡಿ ಚಟಚಟನೆ ಹಾರಿದರೆ ಕಾಯಿಲಿನವರೆಗೆ ಎಲ್ಲವೂ ಕ್ಷೇಮ. ದೋಷವು ಮುಚ್ಚಳ, ರೋಟರು, ಪ್ಲಗ್ಗಿನ ತಂತಿಗಳಲ್ಲಿರಬೇಕು, ಅಲ್ಲವಾದರೆ ಪೆಟ್ರೋಲಿನ ಕಡೆ ಹುಡುಕಬೇಕು. ಕಿಡಿಯೇ ಹಾರದಿದ್ದರೆ ಬಲ್ಬನ್ನು ಹೊರತೆಗೆಯಬೇಕು.

ಕೀಲಿ ಹಾಕಿ, ಬಲ್ಬಿನ ಒಂದು ತಂತಿಯನ್ನು ಬಂಡಿಯ ಲೋಹಕ್ಕೂ ಇನ್ನೊಂದನ್ನು ಕಾಯಿಲಿಗೆ ಸ್ವಿಚ್ಚಿನಿಂದ ಪ್ರವಾಹ ಬರುವ ತಿರುಪಿಗೂ ಮುಟ್ಟಿಸಿ. ಬೆಳಗದಿದ್ದರೆ ತೊಡಕು ಬ್ಯಾಟರಿಗೂ ಕಾಯಿಲಿಗೂ ನಡುವೆ. ಬೆಳಗಿದರೆ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಿರುಪಿಗೆ ಮುಟ್ಟಿಸಿ, ಎಂಜಿನನ್ನು ತಿರುಗಿಸಿ. ಈಗ ಬಲ್ಬು ಮಿಣುಕಿದರೆ ಪಾಯಿಂಟುಗಳು ತಮ್ಮ ಕೆಲಸ ಮಾಡುತ್ತಿವೆ. ಸಂದೇಹವು ಕಂಡೆನ್ಸರು, ಎರಡನೆಯ ಸುರುಳಿ, ದಪ್ಪ ತಂತಿ ಇವುಗಳ ಮೇಲೆ. ಮಿಣುಕದೆ ಒಂದೇ ಸಮನೆ ಬೆಳಗಿದರೆ ಪಾಯಿಂಟುಗಳು ಕೂಡುತ್ತಿಲ್ಲ, ಇಲ್ಲವೆ ಅವುಗಳ ತಂತಿ ತುಂಡಾಗಿದೆ. ಬೆಳಗದೆಯೇ ಇದ್ದರೆ ಡಿಸ್ಟ್ರಿಬ್ಯೂಟರಿನ ತಂತಿಯನ್ನು ಆ ತಿರುಪಿನಿಂದ ಬಿಡಿಸಿ ಮತ್ತೆ ನೋಡಬೇಕು. ಆಗ ಬೆಳಗಿದರೆ ಪಾಯಿಂಟುಗಳು ತೆರೆಯುತ್ತಿಲ್ಲ, ಇಲ್ಲವೆ ಒಳಗೆಲ್ಲೋ ತಂತಿಯು ಲೋಹಕ್ಕೆ ತಗಲಿದೆ. ಆಗಲೂ ಬೆಳಗದಿದ್ದರೆ ಕಾಯಿಲಿನ ಮೊದಲನೆಯ ಸುರುಳಿಯೇ ಕಡಿದಿದೆ. ಒಂದೊಂದು ಹೆಜ್ಜೆಗೂ ಸಂದೇಹದ ಕ್ಷೇತ್ರವು ಕಿರಿದಾಗುವುದನ್ನು ಗಮನಿಸಬೇಕು. ಇಲ್ಲಿ ಊಹೆಗೆ ಎಡೆಯಿಲ್ಲ.

ಆ ಮಧ್ಯಾಹ್ನ ಮೂರನೆಯ ಸಲ ನಿಂತಾಗ, ಪಕ್ಕದ ಹೊಲದಿಂದ ಬಂದ ರೈತರೊಬ್ಬರು, "ಸ್ವಲ್ಪ ತಾಳ್ರೀ, ತಣ್ಣಗಾದರ ತಾನ ಹೊಂಡತೈತಿ" ಎಂದರು. ಅವರು ಸಮಾಧಾನಕ್ಕಾಗಿ ಹೇಳಿದ ಮಾತು ನಮಗೆ ಲಕ್ಷಣದ ವಿವರಣೆಯಾಗಿ ಕೇಳಿಸಿತು. ತಣ್ಣಗಾಗುವ ಮೊದಲೇ ಬಲ್ಬು ಹಿಡಿದೆವು. ಮೊದಲ ತಿರುಪಿನಲ್ಲಿ ಬೆಳಗಿತು, ಎರಡನೆಯದರಲ್ಲಿ ಬೆಳಗಲಿಲ್ಲ, ತಂತಿ ಬಿಡಿಸಿದರೂ ಬೆಳಗಲಿಲ್ಲ. ಕಾಯಿಲು ಮುಟ್ಟಲಾರದಷ್ಟು ಸುಡುತ್ತಿತ್ತು. ಸ್ವಿಚ್ಚು ಆರಿಸಿ, ಅದರ ಮೈಗೆ ಒದ್ದೆ ಬಟ್ಟೆ ಸುತ್ತಿ, ಹತ್ತು ನಿಮಿಷ ಕಾದು ಮತ್ತೆ ಮುಟ್ಟಿಸಿದಾಗ ಬಲ್ಬು ಬೆಳಗಿತು. ಕಾವಿಗೆ ಲೋಹವು ಹಿಗ್ಗಿ ಒಳಗಿನ ಬೆಸುಗೆ ಬಿಡುತ್ತಿತ್ತು, ತಣಿದೊಡನೆ ಕೂಡುತ್ತಿತ್ತು. ಪ್ಲಗ್ಗು, ಕಂಡೆನ್ಸರು, ಕಾರ್ಬೊರೇಟರು ಮೂರೂ ನಿರಪರಾಧಿಗಳು.

ಎಲ್ಲ ದೋಷವೂ ಕಾವಿನದಲ್ಲ. ತೇವವೂ ಕಿಡಿಗೆ ಶತ್ರುವೇ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರೋಣ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ನೀರಿನಲ್ಲಿ ಹಾದ ಹಳೆಯ ಬಂಡಿಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಮೈಯನ್ನು ಒಣಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಕರಿಯ ಗೆರೆಯೇನಾದರೂ ಇದೆಯೇ ಎಂದು ನೋಡಬೇಕು. ಕಿಡಿಯು ಆ ಗೆರೆಯಲ್ಲೇ ಸೋರಿಹೋಗುತ್ತದೆ. ನೀರು ಎಂಜಿನ್ನಿನ ಉಸಿರಿನ ದಾರಿಯೊಳಗೆ ಹೊಕ್ಕಿರಬಹುದೆಂಬ ಶಂಕೆಯಿದ್ದರೆ ಸ್ಟಾರ್ಟರನ್ನು ತಿರುಗಿಸಲೇಬಾರದು.

ಅಂಬಾಸಡರಿನ ತಯಾರಿಕೆಯು 2014ರಲ್ಲಿ ನಿಂತಿತು. ಇಂದಿನ ಬಂಡಿಗಳಲ್ಲಿ ಪಾಯಿಂಟುಗಳಿಲ್ಲ. ಎಂಜಿನ್ನಿನ ಮುಖ್ಯ ದಂಡವು ತಿರುಗುವುದನ್ನು ಒಂದು ಸೆನ್ಸರು ಅರಿತು ಗಣಕಕ್ಕೆ ತಿಳಿಸುತ್ತದೆ, ಗಣಕವು ಕಿಡಿಗೆ ಅಪ್ಪಣೆ ಕೊಡುತ್ತದೆ. ಇವುಗಳಲ್ಲಿ ಮೇಲೆ ಹೇಳಿದಂತೆ ತಂತಿ ಕಿತ್ತು ಕಿಡಿ ಹಾರಿಸಬಾರದು, ಗಣಕವು ಕೆಟ್ಟೀತು. ಅದಕ್ಕೆಂದೇ ಇರುವ ಉಪಕರಣಗಳನ್ನು ಬಳಸಬೇಕು. ಆದರೆ ಆ ಸೆನ್ಸರೂ ಒಮ್ಮೊಮ್ಮೆ ಕಾವಿಗೆ ಮೂಕಾಗಿ, ತಣಿದ ಮೇಲೆ ಮಾತನಾಡುವುದುಂಟು. ಸಲಕರಣೆ ಬದಲಾಗಿದೆ, ರೋಗವಿರುವಾಗಲೇ ನೋಡಬೇಕೆಂಬ ನಿಯಮ ಬದಲಾಗಿಲ್ಲ.

ಒದ್ದೆ ಬಟ್ಟೆಯನ್ನು ಮತ್ತೆ ಮತ್ತೆ ನೆನೆಸಿಕೊಂಡು ನಾವು ಹೊಳೆಮಣ್ಣೂರನ್ನು ಸೇರಿದೆವು. ಹಿರಿಯರನ್ನು ಮಾತ್ರ ಆ ಬಂಡಿಯಲ್ಲಿ ಕೂರಿಸಲಿಲ್ಲ. ನೆರೆಯವರ ಜೀಪಿನಲ್ಲಿ ಕರೆತಂದೆವು. ಕಾರಣ ತಿಳಿಯದಿದ್ದರೆ, ಈಗ ಹೊರಟಿತಲ್ಲಾ ಎಂಬ ಧೈರ್ಯದಿಂದ ಅವರನ್ನೂ ಅದೇ ಜಾಲಿಯ ಮರದಡಿ ಕಾಯಿಸುತ್ತಿದ್ದೆವೋ ಏನೋ.