ಗಣಕಯಂತ್ರದ ಮನೆವಿಳಾಸ

ಹೆಸರಿಲ್ಲದ ವಸ್ತುವನ್ನು ಹುಡುಕುವುದು ಕಷ್ಟ. ಹೆಸರು ತಪ್ಪಿದ ವಸ್ತುವನ್ನು ಹುಡುಕುವುದು ಇನ್ನೂ ಕಷ್ಟ. ಗಣಕಯಂತ್ರವೂ ಈ ಮಾತಿಗೆ ಹೊರತಲ್ಲ. ಗುಂಡಿಯನ್ನೊತ್ತಿದ ಕೆಲವೇ ಕ್ಷಣಗಳಲ್ಲಿ ಅದು ಕೆಲಸಕ್ಕೆ ಅಣಿಯಾಗುವುದನ್ನು ನಾವು ಕಾಣುತ್ತೇವೆ. ಆ ಕ್ಷಣಗಳಲ್ಲಿ ಅದರೊಳಗೆ ನಡೆಯುವ ಹುಡುಕಾಟ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಗಣಕವನ್ನು ನಡೆಸುವ ಮೂಲ ಕ್ರಮವಿಧಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಯಂತ್ರವು ನಿಂತಿರುವಾಗ ಅದು ಡಿಸ್ಕಿನಲ್ಲಿ ಮಲಗಿರುತ್ತದೆ. ವಿದ್ಯುತ್ತು ಹರಿದೊಡನೆ ಅದನ್ನು ಎಬ್ಬಿಸಿ ಸ್ಮೃತಿಕೋಶಕ್ಕೆ ಕರೆತರುವ ಪುಟ್ಟ ಕ್ರಮವಿಧಿಯೇ ಬೂಟ್ ಲೋಡರ್. ಮನೆಯಲ್ಲಿ ಕೋಣೆಗಳಿರುವಂತೆ ಡಿಸ್ಕಿನಲ್ಲಿ ಪಾರ್ಟಿಷನ್ ಎಂಬ ವಿಭಾಗಗಳಿರುತ್ತವೆ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದರಲ್ಲಿ ನಮ್ಮ ಬರಹ ಮತ್ತು ಚಿತ್ರಗಳು ಇರಬಹುದು. ಯಾವ ಕೋಣೆಯ ಬಾಗಿಲನ್ನು ತಟ್ಟಬೇಕೆಂಬುದು ಬೂಟ್ ಲೋಡರಿಗೆ ತಿಳಿದಿರಲೇಬೇಕು.

ಲಿನಕ್ಸ್ ಬಳಸುವವರಲ್ಲಿ ಹೆಸರಾದ ಬೂಟ್ ಲೋಡರ್ ಗ್ರಬ್. 1995ರಲ್ಲಿ ಎರಿಕ್ ಬೋಲಿನ್ ಎಂಬುವರು ಇದರ ರಚನೆಯನ್ನು ಆರಂಭಿಸಿದರು. ಇದು ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಮೊದಲನೆಯದು ‘ಎಚ್‌ಡಿ0’, ಎರಡನೆಯದು ‘ಎಚ್‌ಡಿ1’. ಹಳೆಯ ಗ್ರಬ್ ವಿಭಾಗಗಳನ್ನೂ ಸೊನ್ನೆಯಿಂದಲೇ ಎಣಿಸುತ್ತಿತ್ತು. ಹೊಸದಾದ ಗ್ರಬ್ 2 ವಿಭಾಗಗಳನ್ನು ಮಾತ್ರ ಒಂದರಿಂದ ಎಣಿಸುತ್ತದೆ. ಆದುದರಿಂದ ಎರಡನೆಯ ಡಿಸ್ಕಿನ ಮೂರನೆಯ ವಿಭಾಗಕ್ಕೆ ಹಳೆಯದರಲ್ಲಿ ‘ಎಚ್‌ಡಿ1,2’ ಎಂದೂ ಹೊಸದರಲ್ಲಿ ‘ಎಚ್‌ಡಿ1,3’ ಎಂದೂ ಹೆಸರು. ಅದನ್ನೇ ಲಿನಕ್ಸ್ ಸಾಮಾನ್ಯವಾಗಿ ‘ಎಸ್‌ಡಿಬಿ3’ ಎಂದು ಕರೆಯುತ್ತದೆ. ಕೋಣೆ ಒಂದೇ, ಹೆಸರು ಮೂರು! ಹಳೆಯ ಸೂಚನೆಯನ್ನು ಹೊಸ ಗ್ರಬ್‌ಗೆ ಹಾಗೆಯೇ ಕೊಟ್ಟರೆ ಅದು ಪಕ್ಕದ ಕೋಣೆಯ ಬಾಗಿಲನ್ನು ತಟ್ಟುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಹೆಸರುಗಳೆಲ್ಲ ಸರದಿಯನ್ನು ನೆಚ್ಚಿಕೊಂಡಿವೆ. ತರಗತಿಯಲ್ಲಿ ಹಾಜರಿ ಸಂಖ್ಯೆ ಏಳರ ಹುಡುಗಿಯ ಹಿಂದೆ ಹೊಸಬಳೊಬ್ಬಳನ್ನು ಸೇರಿಸಿದರೆ ಅವಳ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಮುಂದೆ ಸೇರಿಸಿದರೆ ಎಂಟಾಗುತ್ತದೆ. ಹುಡುಗಿ ಮಾತ್ರ ಅವಳೇ. ಹಾಗೆಯೇ ಯಂತ್ರಕ್ಕೆ ಹೊಸ ಡಿಸ್ಕೊಂದನ್ನು ಜೋಡಿಸಿದಾಗ ನಿನ್ನೆಯ ‘ಎಚ್‌ಡಿ0’ ಇಂದು ‘ಎಚ್‌ಡಿ1’ ಆಗಬಹುದು. ಆಗ ಗ್ರಬ್ ಬೇರೊಂದು ಡಿಸ್ಕಿನಲ್ಲಿ ಹುಡುಕಿ, ಅಂತಹ ವಿಭಾಗವೇ ಇಲ್ಲವೆಂದು ಹೇಳಿ ನಿಂತುಬಿಡುತ್ತದೆ. ವಾಸ್ತವವಾಗಿ ಕಳೆದುಹೋದದ್ದು ಏನೂ ಇಲ್ಲ. ಬರಹವೂ ಚಿತ್ರವೂ ಇದ್ದಲ್ಲಿಯೇ ಇವೆ. ಇದನ್ನರಿಯದೆ ಗಾಬರಿಗೊಂಡು ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಿದರೆ ವರ್ಷಗಳ ದುಡಿಮೆ ಮಣ್ಣುಪಾಲಾಗುತ್ತದೆ. ಹಾನಿಯನ್ನು ತರುವುದು ಯಂತ್ರದ ತಪ್ಪಲ್ಲ, ಮನುಷ್ಯನ ಆತುರ.

ಇದಕ್ಕೆ ಪರಿಹಾರವಾಗಿ ಬಂದುದು ಯುಯುಐಡಿ ಎಂಬ ಅನನ್ಯ ಗುರುತು. ಲಿನಕ್ಸಿನ ವಿಭಾಗವನ್ನು ಬಳಕೆಗೆ ಸಿದ್ಧಪಡಿಸುವಾಗಲೇ ಇದನ್ನು ಅದರೊಳಗೆ ಬರೆಯಲಾಗುತ್ತದೆ. ಇದು 128 ಬಿಟ್‌ಗಳಷ್ಟು ಉದ್ದ; ಬರೆದರೆ 32 ಅಂಕಿ–ಅಕ್ಷರಗಳ ಮಾಲೆ. ಗ್ರಬ್ ಈಗ ಡಿಸ್ಕುಗಳಲ್ಲೆಲ್ಲ ಈ ಗುರುತನ್ನು ಅರಸಿ, ಅದು ದೊರೆತ ವಿಭಾಗವನ್ನು ಆರಿಸಿಕೊಳ್ಳಬಲ್ಲದು. ಡಿಸ್ಕಿನ ಸರದಿ ಬದಲಾದರೂ ಗುರುತು ಬದಲಾಗದು. ಆದರೆ ಡಿಸ್ಕನ್ನು ಇದ್ದಂತೆಯೇ ನಕಲು ಮಾಡಿದರೆ ಗುರುತೂ ನಕಲಾಗುತ್ತದೆ. ಆಗ ಒಂದೇ ಹೆಸರಿನವರು ಇಬ್ಬರಾಗಿ ಮತ್ತೆ ಗೊಂದಲ ತಲೆದೋರುತ್ತದೆ. ಆದುದರಿಂದ ನಕಲಿಗೆ ಹೊಸ ಗುರುತನ್ನು ಕೊಡುವುದು ಒಳ್ಳೆಯದು.

ನಿಂತ ಸ್ಥಾನದಿಂದ ಬಂದ ಹೆಸರು ಸ್ಥಾನದೊಡನೆಯೇ ಹೋಗುತ್ತದೆ. ವಸ್ತುವಿನೊಳಗೇ ಇರುವ ಗುರುತು ಅದರೊಡನೆ ಉಳಿಯುತ್ತದೆ. ಗಣಕಯಂತ್ರವು ತೆರೆಯದೆ ನಿಂತಾಗ ಅಳಿಸುವ ಮುನ್ನ ಹುಡುಕಬೇಕು, ಹುಡುಕುವ ಮುನ್ನ ಹೆಸರನ್ನು ಸರಿಯಾಗಿ ಓದಬೇಕು. ಈ ವಿವೇಕವಿದ್ದವನಿಗೆ ಯಂತ್ರ ವಿಧೇಯ ಸೇವಕ.