ಕಾರಿನ ಆಕ್ಸಿಜನ್ ಸೆನ್ಸರ್ ಹೀಟರ್: ದೋಷ ಪತ್ತೆ ಮತ್ತು ದುರಸ್ತಿ

ತರಕಾರಿ, ಹಾಲು, ಬೀಜ, ಗೊಬ್ಬರಗಳ ಸಾಗಣೆಗೆ ಪೆಟ್ರೋಲ್ ಕಾರು ಅಥವಾ ವ್ಯಾನ್ ಇಟ್ಟುಕೊಂಡಿರುವ ರೈತರು ಇಂದು ಅನೇಕರಿದ್ದಾರೆ. ಇಂಥ ವಾಹನದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರದೆ ಉರಿಯುತ್ತಿದ್ದು, ಗ್ಯಾರೇಜಿನ ತಪಾಸಣಾ ಉಪಕರಣದಲ್ಲಿ ‘ಪಿ 0135’ ಅಥವಾ ‘ಪಿ 0141’ ಎಂಬ ಸಂಕೇತ ಬಂದರೆ, ಆಕ್ಸಿಜನ್ ಸೆನ್ಸರಿನ ಹೀಟರ್ ಮಂಡಲದಲ್ಲಿ ದೋಷವಿದೆಯೆಂದು ತಿಳಿಯಬೇಕು. ಸೆನ್ಸರೇ ಕೆಟ್ಟಿದೆಯೆಂದಲ್ಲ. ಎಲೆ ಹಳದಿಯಾದೊಡನೆ ಕಾರಣ ನೋಡದೆ ಯೂರಿಯಾ ಹಾಕುವುದು ಎಷ್ಟು ತಪ್ಪೋ, ಸಂಕೇತ ಕಂಡೊಡನೆ ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸುವುದೂ ಅಷ್ಟೇ ತಪ್ಪು.

ಹೀಟರ್ ಏಕೆ ಬೇಕು?

ಹೊಗೆ ಕೊಳವೆಯಲ್ಲಿರುವ ಈ ಸೆನ್ಸರ್, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಅದರಂತೆ ಪೆಟ್ರೋಲ್ ಹೆಚ್ಚು ಕಡಿಮೆಯಾಗುತ್ತದೆ. ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯ್ದ ಮೇಲೆಯೇ ಸರಿಯಾಗಿ ಅಳೆಯಬಲ್ಲದು. 1976ರಲ್ಲಿ ವೋಲ್ವೊ ಕಾರಿನಲ್ಲಿ ಬಂದ ಮೊದಲ ಸೆನ್ಸರಿಗೆ ಹೀಟರ್ ಇರಲಿಲ್ಲ. ಅದು ಹೊಗೆಯ ಬಿಸಿಯಿಂದಲೇ ಕಾಯಬೇಕಿತ್ತು. ಹೀಟರ್ ಕೆಟ್ಟಾಗ ಇಂದಿನ ಕಾರಿಗೂ ಅದೇ ಗತಿ. ಮನೆಯಿಂದ ತೋಟಕ್ಕೆ, ತೋಟದಿಂದ ಡೈರಿಗೆ ಎಂಬಂತೆ ಸ್ವಲ್ಪ ದೂರವೇ ಓಡಾಡುವವರಿಗೆ ಇದರಿಂದ ಪೆಟ್ರೋಲ್ ಹೆಚ್ಚು ಖರ್ಚಾಗಬಹುದು.

ಪರೀಕ್ಷಿಸುವ ಕ್ರಮ

1. ಮೊದಲು ಫ್ಯೂಸ್ ನೋಡಿರಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿರಿ. ಮತ್ತೆ ಸುಟ್ಟರೆ ತಂತಿ ಎಲ್ಲೋ ತಗುಲುತ್ತಿದೆ.

2. ಎಂಜಿನ್ ತಣ್ಣಗಿರುವಾಗ ತಂತಿಗಳನ್ನು ಉದ್ದಕ್ಕೂ ಪರೀಕ್ಷಿಸಿರಿ. ಕೊಟ್ಟಿಗೆ, ಕಣಜಗಳ ಬಳಿ ನಿಲ್ಲಿಸುವ ವಾಹನದ ತಂತಿಯನ್ನು ಇಲಿ ಕಡಿಯುವುದು ಸಾಮಾನ್ಯ. ಪ್ಲಗ್ಗಿನಲ್ಲಿ ನೀರು, ಕಿಲುಬು ಇದೆಯೇ ನೋಡಿರಿ.

3. ಪ್ಲಗ್ ಬಿಡಿಸಿ, ಸೆನ್ಸರಿನ ಕಡೆಯ ಹೀಟರ್ ತಂತಿಗಳೆರಡರ ನಡುವೆ ಮಲ್ಟಿಮೀಟರಿನಿಂದ ಓಮ್ ಅಳೆಯಿರಿ. ನಾಲ್ಕು ತಂತಿಯ ಸೆನ್ಸರಿನಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ತಂತಿಗಳು ಹೀಟರಿನವು. ಹೆಚ್ಚಿನವುಗಳಲ್ಲಿ 2ರಿಂದ 20 ಓಮ್ ಒಳಗೆ ಬರುತ್ತದೆ. ಸರಿಯಾದ ಅಳತೆಗೆ ವಾಹನದ ಕೈಪಿಡಿ ನೋಡಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಹೀಟರ್ ಒಳಗೇ ತುಂಡಾಗಿದೆ.

4. ಹೀಟರ್ ಸರಿಯಿದ್ದರೆ, ವಾಹನದ ಕಡೆಯ ಪ್ಲಗ್ಗಿಗೆ ವಿದ್ಯುತ್ ಬರುತ್ತಿದೆಯೇ ನೋಡಿರಿ. ಕೀ ತಿರುಗಿಸಿದಾಗ, ಕೆಲವು ವಾಹನಗಳಲ್ಲಿ ಎಂಜಿನ್ ಓಡುವಾಗ ಮಾತ್ರ, ಹೀಟರಿನ ಒಂದು ತಂತಿಯಲ್ಲಿ ಸುಮಾರು 12 ವೋಲ್ಟ್ ಇರಬೇಕು. ಇಲ್ಲದಿದ್ದರೆ ದೋಷ ಫ್ಯೂಸ್, ರಿಲೇ ಅಥವಾ ತಂತಿಯಲ್ಲಿದೆ. ಇದ್ದರೆ ಕಂಪ್ಯೂಟರಿಗೆ ಹೋಗುವ ಇನ್ನೊಂದು ತಂತಿಯನ್ನು ಪರೀಕ್ಷಿಸಬೇಕು.

ದುರಸ್ತಿ

ವಾಹನದ ಕಡೆಯ ತಂತಿ, ಪ್ಲಗ್‌ಗಳನ್ನು ರಿಪೇರಿ ಮಾಡಬಹುದು. ಸೆನ್ಸರಿನೊಳಗಿನ ಹೀಟರನ್ನು ಮಾಡಲಾಗದು; ಸೆನ್ಸರನ್ನೇ ಬದಲಿಸಬೇಕು. ಸೆನ್ಸರಿನ ತಂತಿಗೆ ಬೆಸುಗೆ ಹಾಕಕೂಡದು. ಅನೇಕ ಸೆನ್ಸರುಗಳಿಗೆ ಹೊರಗಿನ ಗಾಳಿ ತಂತಿಯ ಎಳೆಗಳ ಮೂಲಕವೇ ಬರುತ್ತದೆ. ಹೊಸದರ ತುದಿಗೆ ಎಣ್ಣೆ, ಗ್ರೀಸ್ ತಾಗಿಸಬೇಡಿರಿ. ದೀಪ ಆರಿಸಲು ಸೆನ್ಸರಿನ ಬದಲು ಬೇರೆ ರೆಸಿಸ್ಟರ್ ಜೋಡಿಸುವುದು ರಿಪೇರಿಯಲ್ಲ, ಮೋಸ.

ಕೆಲಸ ಮುಗಿದ ಮೇಲೆ ಸಂಕೇತವನ್ನು ಅಳಿಸಿ, ತಣ್ಣಗಿನ ಎಂಜಿನ್ ಚಾಲೂ ಮಾಡಿ ಕೆಲವು ದಿನ ಗಮನಿಸಿರಿ. ಗ್ಯಾರೇಜಿನಲ್ಲಿ ಮಾಡಿಸುವವರು ಸೆನ್ಸರ್ ಬದಲಿಸುವ ಮುನ್ನ ‘ಓಮ್ ಎಷ್ಟು ಬಂತು? ವೋಲ್ಟ್ ಎಷ್ಟು ಬಂತು?’ ಎಂದು ತಪ್ಪದೆ ಕೇಳಬೇಕು.